ಪೋರ್ಟ್ ಕ್ಯಾಮೆರಾಕ್ಕೆ ಸಿಕ್ಕಿದ ತಟ್ಟೆ ಇಡ್ಲಿ

ಸುಧಾ: ರೀ, ನಾನ್ ಮಾಡಿದ್ದು ಇಡ್ಲಿ. ನಿಮ್ ಫೋಟೋದಲ್ಲಿ ಬಂದಿರೋದು ಬದನೇಕಾಯಿ!

ಭಾನುಪ್ರಕಾಶ್: ಬದನೇಕಾಯಿ ಎಲ್ಲಿಂದ ಬಂತೇ? ಸ್ವಲ್ಪ ನೇರಳೆ ಹೊಡೀತಿದೆ ಅಷ್ಟೆ.

ಸುಧಾ: ಸ್ವಲ್ಪಾನಾ? ಮೇಲಿರೋ ಬೆಣ್ಣೆ ನೋಡಿ, ನೀಲಿ! ನೀಲಿ ಬೆಣ್ಣೆ ಯಾವ್ ಹಸು ಕೊಡತ್ರೀ?

ಭಾನುಪ್ರಕಾಶ್: ವೈಟ್ ಬ್ಯಾಲೆನ್ಸ್ ಸರಿ ಇಲ್ಲ, ಅದ್ಕೆ.

ಸುಧಾ: ಮೊನ್ನೆ ತಾನೆ ಮೂರ್ ತಿಂಗಳಿಗೆ ಒಟ್ಗೆ ರೀಚಾರ್ಜ್ ಮಾಡ್ಸಿದ್ರಲ್ಲ, ಎಲ್ಲೋಯ್ತು ಬ್ಯಾಲೆನ್ಸು?

ಭಾನುಪ್ರಕಾಶ್: ಅದು ಸಿಮ್ದು ಕಣೇ. ಇದು ಬಣ್ಣದ್ದು.

ತುಮಕೂರಿನ ಮರಳೂರಿನಲ್ಲಿ ಸುಧಾ ಆರು ವರ್ಷದಿಂದ ತಟ್ಟೆ ಇಡ್ಲಿ ಹೋಟೆಲು ನಡೆಸುತ್ತಿದ್ದಾಳೆ. ನಾಲ್ಕೇ ಟೇಬಲ್ಲು. ಆದರೂ ಬೆಳಗ್ಗೆ ಎಂಟಕ್ಕೆ ಬಂದವರು ನಿಂತೇ ತಿನ್ನಬೇಕಿತ್ತು. ಎರಡು ತಿಂಗಳ ಹಿಂದೆ ಪೈಪು ಹಾಕಲೆಂದು ಹೋಟೆಲಿನ ಮುಂದೆ ರಸ್ತೆ ಅಗೆದರು. ಅಲ್ಲಿಂದೀಚೆಗೆ ಗಿರಾಕಿಗಳು ಗುಂಡಿಯ ಆಚೆ ದಡದಲ್ಲಿ ನಿಂತು, ಒಂದು ಸಲ ಇಡ್ಲಿಯ ಹಬೆ ನೋಡಿ, ಒಂದು ಸಲ ಗುಂಡಿಯ ಆಳ ನೋಡಿ, ನಿಟ್ಟುಸಿರು ಬಿಟ್ಟು ಹೊರಟುಹೋಗುತ್ತಿದ್ದರು. ಗಿರಾಕಿ ಬರಲಾಗದಿದ್ದರೆ ಇಡ್ಲಿಯೇ ಅವರ ಮನೆಗೆ ಹೋಗಲಿ ಎಂದು ಸುಧಾ ಒಂದು ಡೆಲಿವರಿ ಕಂಪನಿಗೆ ಅರ್ಜಿ ಹಾಕಿದಳು. ಕಾಗದಪತ್ರ ಎಲ್ಲ ಪಾಸಾಗಿ ಉಳಿದದ್ದು ಒಂದೇ, ಇಡ್ಲಿಯದೊಂದು ಚೆಂದದ ಫೋಟೋ. ಅವಳು ನಿನ್ನೆ ತೆಗೆದು ಕಳಿಸಿದ್ದನ್ನು ‘ಮಸುಕಾಗಿದೆ’ ಎಂದು ವಾಪಸ್ ಮಾಡಿದ್ದರು. ಇವತ್ತು, ಭಾನುವಾರ, ಮಧ್ಯಾಹ್ನ ಹನ್ನೆರಡರೊಳಗೆ ಒಳ್ಳೆಯದು ಬರದಿದ್ದರೆ ಅರ್ಜಿಯೇ ರದ್ದು. ಆಗಲೇ ಹತ್ತೂವರೆ ಆಗಿತ್ತು.

ಗಂಡ ಭಾನುಪ್ರಕಾಶ್ ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ವಾರದ ಆರು ದಿನ ಅರೆಗಣ್ಣಿನಲ್ಲಿ ಓಡಾಡುವ ಮನುಷ್ಯ, ಫೋನಿನ ಕ್ಯಾಮೆರಾ ಅಂದರೆ ಮಾತ್ರ ಪೂರ್ತಿ ಎಚ್ಚರ. ‘ಮಸುಕಾಗಿದೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೆಳಗ್ಗೆ ಹೆಂಡತಿ ಹಿಟ್ಟು ಹುಯ್ಯುವಷ್ಟರಲ್ಲಿ ಅವಳ ಫೋನನ್ನು ತೆಗೆದುಕೊಂಡು ಏನೇನೋ ಹಾಕಿ ಮುಗಿಸಿದ್ದ.

ಸುಧಾ: ನನ್ ಫೋನ್‌ಗೆ ಏನ್ ಮಾಡಿದೀರಿ, ಅದನ್ನ ಹೇಳಿ ಮೊದ್ಲು.

ಭಾನುಪ್ರಕಾಶ್: ಪೋರ್ಟ್ ಮಾಡಿರೋದು ಹಾಕಿದೀನಿ.

ಸುಧಾ: ಪೋರ್ಟ್ ಮಾಡಿದ್ರಾ? ನನ್ನೊಂದ್ ಮಾತ್ ಕೇಳ್ದೆ? ಆರ್ ವರ್ಷದಿಂದ ಅದೇ ನಂಬರ್ ಕಣ್ರೀ! ಬೋರ್ಡ್ ಮೇಲೆ ಬರ್ಸಿದೀನಿ, ಆಟೋ ಹಿಂದೆ ಬರ್ಸಿದೀನಿ!

ಭಾನುಪ್ರಕಾಶ್: ಅಯ್ಯೋ, ನಂಬರ್ ಅಲ್ವೇ, ಕ್ಯಾಮೆರಾ! ದೊಡ್ ದೊಡ್ ಫೋನಲ್ಲಿ ಒಳ್ಳೆ ಕ್ಯಾಮೆರಾ ಆಪ್ ಇರತ್ತಲ್ಲ, ಅದನ್ನ ಯಾರೋ ಪುಣ್ಯಾತ್ಮರು ಬಿಚ್ಚಿ, ತಿದ್ದಿ, ನಮ್ಮಂಥೋರ ಫೋನ್‌ಗೂ ಕೂರೋ ಹಂಗೆ ಮಾಡ್ತಾರೆ.

ಸುಧಾ: ಅಂದ್ರೆ, ಬೇರೆ ಯಾರ್‌ದೋ ಬ್ಲೌಸು ನನಗೆ ಆಲ್ಟರ್ ಮಾಡ್ಸಿದೀರ.

ಭಾನುಪ್ರಕಾಶ್: ಹಾಂ! ಅದೇ ಅದೇ! ಎಷ್ಟ್ ಬೇಗ ಅರ್ಥ ಮಾಡ್ಕೊಂಡೆ ನೋಡು.

ಸುಧಾ: ಹಂಗಾದ್ರೆ ತೋಳು ಹತ್ತಲ್ಲ ಅಂತ ನೆಟ್ಟಗೆ ಹೇಳ್ರೀ, ಬ್ಯಾಲೆನ್ಸ್ ಅಂತ ಯಾಕ್ ಹೇಳ್ತೀರ?

ಭಾನುಪ್ರಕಾಶ್: ಅದ್ಕೊಂದು ಕಾನ್ಫಿಗ್ ಫೈಲ್, ಅಳತೆ ಚೀಟಿ ಥರದ್ದು, ಹಾಕ್ಬೇಕು. ಒಂದೊಂದ್ ಫೋನ್‌ಗೂ ಬೇರೆ ಬೇರೆ ಫೈಲು. ನಿನ್ ಫೋನಿಂದು ಹುಡುಕ್ತಾ ಇದೀನಿ.

ಸುಧಾ: ಆಫೀಸಲ್ಲಿ ಜನ ಬಂದು ಫೈಲ್ ಕೇಳಿದ್ರೆ ನಾಳೆ ಬನ್ನಿ ಅಂತೀರ. ಭಾನುವಾರ ಇಲ್ಲಿ ಕೂತು ಫೈಲ್ ಹುಡುಕ್ತೀರ!

ಆಗ ಮೂಲೆಯ ಟೇಬಲ್ಲಿನಿಂದ ಒಂದು ಕೆಮ್ಮು ಕೇಳಿಸಿತು. ಅಲ್ಲಿ ಕೂತಿದ್ದವರು ಚಿಕ್ಕಮಾರಯ್ಯ, ಚೇಳೂರಿನ ತೆಂಗಿನ ತೋಟದವರು, ಎಪ್ಪತ್ತು ದಾಟಿದ ಯಜಮಾನರು. ಮರಳೂರಿನ ಮಗಳ ಮನೆಗೆ ಬಂದಾಗಲೆಲ್ಲ ಪಂಚೆ ಎತ್ತಿ ಕಟ್ಟಿ ಗುಂಡಿ ದಾಟಿ ಬರುತ್ತಿದ್ದ ಗಿರಾಕಿ ಅವರೊಬ್ಬರೇ.

ಚಿಕ್ಕಮಾರಯ್ಯ: ಆ ಇಡ್ಲಿ ಫೋಟೋ ಆಗೋಯ್ತೇನವ್ವ? ಆಗಿದ್ರೆ ಇಂಗ್ ತಳ್ಳು. ಆರೋಯ್ತದೆ.

ಸುಧಾ: ಆಗ್ಲೇ ಎರಡು ತಿಂದ್ರಲ್ಲ ಯಜಮಾನ್ರೇ?

ಚಿಕ್ಕಮಾರಯ್ಯ: ನಮ್ ರೂಪಶ್ರೀ ಮನೇಲಿ ಓಟ್ಸ್ ಅಂತ ಕೊಡ್ತಾಳೆ ಕಣವ್ವ. ಗೋಡೆಗೆ ಪೋಸ್ಟರ್ ಅಂಟ್ಸೋ ಅಂಟು ಇರ್ತದಲ್ಲ, ಅದ್ನ ಬಟ್ಲಿಗೆ ಹಾಕ್ದಂಗಿರ್ತದೆ. ನನ್ಗೇನ್ ಹಸಿವಿಲ್ಲ. ಇಡ್ಲಿ ವೇಸ್ಟಾಗ್ಬಾರ್ದು ಅಂತ ಕೇಳ್ದೆ ಅಷ್ಟೇಯ.

ನೇರಳೆ ಬಣ್ಣದಲ್ಲಿ ಬಂದಿದ್ದ ಬಿಳಿ ಇಡ್ಲಿ ಮೂಲೆಯ ಟೇಬಲ್ಲಿಗೆ ಹೋಯಿತು. ಸುಧಾ ಪಾತ್ರೆಯಿಂದ ಇನ್ನೊಂದು ಬಿಸಿ ಇಡ್ಲಿ ತೆಗೆದಳು. ಭಾನುಪ್ರಕಾಶ್ ಈ ಸಲ ತನ್ನದೇ ಫೋನು ತಂದ. ಅಡುಗೆಮನೆಯ ಕಪ್ಪು ಕಲ್ಲಿನ ಮೇಲೆ ಇಡ್ಲಿ ಇಡಿಸಿ, ಚಟ್ನಿ ಪಾತ್ರೆಗೆ ಫೋನು ಒರಗಿಸಿ, ಒಂದು ಗುಂಡಿ ಒತ್ತಿ ಎರಡೂ ಕೈ ಮೇಲೆತ್ತಿದ.

ಭಾನುಪ್ರಕಾಶ್: ಶ್! ಯಾರೂ ಅಲ್ಲಾಡ್ಬೇಡಿ! ಇಲ್ಲಿ ಬೆಳಕು ಕಮ್ಮಿ ಅಂತ ನೈಟ್ ಮೋಡ್ ಹಾಕಿದ್ದೆ. ಫೋನ್ ಅಲ್ಲಾಡ್ದೆ ನಿಂತಿರೋದಕ್ಕೆ ಅದು ತಾನಾಗೇ ಆಸ್ಟ್ರೋ ಮೋಡಿಗೆ ಹೋಯ್ತು.

ಸುಧಾ: ಆಸ್ಟ್ರೋನಾ? ಇಡ್ಲಿಗೆ ಯಾಕ್ರೀ ಜಾತಕ?

ಭಾನುಪ್ರಕಾಶ್: ಜಾತಕ ಅಲ್ವೇ, ನಕ್ಷತ್ರ!

ಸುಧಾ: ಎರಡೂ ಒಂದೇ ತಾನೆ? ಇಡ್ಲಿದು ಯಾವ್ ನಕ್ಷತ್ರ ಆದ್ರೆ ಕಂಪನಿಯೋರಿಗೇನು?

ಚಿಕ್ಕಮಾರಯ್ಯ: ಉದ್ದಿನಬೇಳೆ ನೆನೆಹಾಕಿದ್ ಹೊತ್ತು ಹೇಳವ್ವ, ಲೆಕ್ಕ ಹಾಕ್ಬೋದು.

ಭಾನುಪ್ರಕಾಶ್: ಆಕಾಶದ್ ನಕ್ಷತ್ರ ತೆಗೆಯೋ ಮೋಡು ಸ್ವಾಮಿ! ನಾಲ್ಕೇ ನಾಲ್ಕು ನಿಮಿಷ ಸುಮ್ನಿರಿ!

ಸುಧಾ: ನಾಲ್ಕ್ ನಿಮಿಷಾನಾ? ಅಷ್ಟ್ರಲ್ಲಿ ಬೆಣ್ಣೆ ಕರಗಿ ಚಟ್ನಿಗೆ ಬಂದಿರತ್ತೆ!

ಮೂವರೂ ಉಸಿರು ಬಿಗಿಹಿಡಿದು ಇಡ್ಲಿಯನ್ನೇ ನೋಡುತ್ತಾ ನಿಂತರು. ನಾಲ್ಕು ನಿಮಿಷವಾದ ಮೇಲೆ ಫೋನು ಟಿಂಗ್ ಎಂದಿತು. ಕಪ್ಪು ಕಲ್ಲು ಅಮಾವಾಸ್ಯೆಯ ಆಕಾಶದಂತೆ ಬಂದಿತ್ತು. ಒಗ್ಗರಣೆಯಿಂದ ಸಿಡಿದಿದ್ದ ಚೂರುಗಳು ಮಿಣಮಿಣ ಹೊಳೆಯುತ್ತಿದ್ದವು. ನಡುವೆ, ಮೈತುಂಬ ಸಣ್ಣ ಸಣ್ಣ ಕುಳಿಗಳಿರುವ ದುಂಡನೆಯ ಬಿಳಿ ಇಡ್ಲಿ.

ಭಾನುಪ್ರಕಾಶ್: ಒಂದೊಂದ್ ತೂತೂ ಎಣಿಸ್ಬೋದು ನೋಡು! ಕಂಪನಿಗೆ ಕಳ್ಸೇಬಿಟ್ಟೆ!

ಐದು ನಿಮಿಷಕ್ಕೆ ಸುಧಾಳ ಫೋನು ರಿಂಗಾಯಿತು. ಕೈಗೆಲ್ಲ ಹಿಟ್ಟಾಗಿದ್ದರಿಂದ ಅವಳು ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

ಸುಶ್ಮಿತಾ: ಮೇಡಂ, ಡೆಲಿವರಿ ಕಂಪನಿಯಿಂದ ಸುಶ್ಮಿತಾ ಮಾತಾಡ್ತಿರೋದು. ನಿಮ್ ಫೋಟೋ ಬಂತು. ಸೂಪರಾಗಿದೆ ಮೇಡಂ.

ಸುಧಾ: ಅಬ್ಬ! ಥ್ಯಾಂಕ್ಸ್ ಮೇಡಂ!

ಸುಶ್ಮಿತಾ: ಹುಣ್ಣಿಮೆ ದಿನ ತೆಗ್ದಿದ್ದಾ?

ಸುಧಾ: ಇಲ್ಲ ಮೇಡಂ, ಈಗ್ ತಾನೆ ತೆಗ್ದಿದ್ದು.

ಸುಶ್ಮಿತಾ: ಬೆಳಗ್ಗೆ ಹತ್ತೂಮುಕ್ಕಾಲ್ಗೆ ಚಂದ್ರ ಇಷ್ಟ್ ಚೆನ್ನಾಗ್ ಕಾಣ್ತಾನಾ? ಎಲ್ಲಿಂದ ತೆಗ್ದ್ರಿ?

ಸುಧಾ: ಚಂದ್ರ ಅಲ್ಲ ಮೇಡಂ, ತಟ್ಟೆ!

ಸುಶ್ಮಿತಾ: ಓ, ತಟ್ಟೆ ಬೆಟ್ಟಾನಾ? ಕುಣಿಗಲ್ ಕಡೆ ಬರತ್ತಾ ಅದು? ನೋಡಿ ಮೇಡಂ, ಪ್ರಕೃತಿ ಫೋಟೋ ನಾವ್ ತಗೋಳಲ್ಲ. ತಿನ್ನೋ ಐಟಂ ಇರ್ಬೇಕು. ಹನ್ನೆರಡರೊಳಗೆ ಕಳ್ಸಿ ಪ್ಲೀಸ್.

ಫೋನು ಕಟ್ಟಾಯಿತು. ಸುಧಾ ಗಂಡನ ಕಡೆ ನೋಡಿದಳು. ಅವನು ಚಾವಣಿ ನೋಡಿದ.

ಚಿಕ್ಕಮಾರಯ್ಯ: ಚಂದ್ರ ಇತ್ಲಾಗ್ ಬರ್ಲಿ ತಾಯಿ.

ಸುಧಾ: ತಗೊಳ್ಳಿ! ರೀ, ಕೊನೆ ಸಲ ಹೇಳ್ತಿದೀನಿ. ನನ್ ಫೋನಲ್ಲಿದ್ ಹಳೇ ಕ್ಯಾಮೆರಾ ತೆಗ್ದು ಕೊಡಿ. ಮಸುಕೋ ಗಿಸುಕೋ, ಇಡ್ಲಿ ಇಡ್ಲಿ ಥರ ಇತ್ತು ಅದ್ರಲ್ಲಿ.

ಭಾನುಪ್ರಕಾಶ್: ಅದನ್ನ... ಎರಡು ಕ್ಯಾಮೆರಾ ಒಳಗೇ ಕಿತ್ತಾಡ್ಬಾರ್ದು ಅಂತ ಆಫ್ ಮಾಡ್ಬಿಟ್ಟಿದೀನಿ.

ಸುಧಾ: ಆನ್ ಮಾಡಿ ಮತ್ತೆ!

ಭಾನುಪ್ರಕಾಶ್: ಆಫ್ ಮಾಡಿದ್ ಜಾಗ ಸಿಗ್ತಿಲ್ಲ ಕಣೇ. ಒಂದೇ ಒಂದ್ ಚಾನ್ಸ್ ಕೊಡು. ನಿನ್ ಫೋನಲ್ಲಿ ಬೆಳಕು ಹಿಡಿಯೋ ಸೆನ್ಸಾರು ಬೇರೆ, ಅದೇ ತಾಪತ್ರಯ.

ಸುಧಾ: ಸೆನ್ಸಾರಾ? ಇಡ್ಲೀಲಿ ಸೆನ್ಸಾರ್ ಮಾಡೋವಂಥದ್ದು ಏನ್ರೀ ಇದೆ? ಮೇಲೊಂಚೂರು ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಸಂಸಾರಸ್ಥರು ನೋಡೋ ಹಂಗೇ ಇದೆ!

ಭಾನುಪ್ರಕಾಶ್ ಇನ್ನೊಂದು ಇಡ್ಲಿ ಇಡಿಸಿಕೊಂಡು, ಅವಳ ಫೋನಿಗೆ ಹೊಸ ಕಾನ್ಫಿಗ್ ಇಳಿಸಿದ. ಆಪ್‌ನಲ್ಲಿ ಫೋಟೋ ಒತ್ತುವ ಗುಂಡಿಯ ಪಕ್ಕದ ಕಪ್ಪು ಜಾಗದ ಮೇಲೆ ಎರಡು ಸಲ ತಟ್ಟಿ ಅದನ್ನು ಹಾಕಿದ. ಆಪ್ ತೆರೆದುಕೊಂಡು, ಇಡ್ಲಿಯನ್ನೊಮ್ಮೆ ನೋಡಿ, ಮುಚ್ಚಿಕೊಂಡಿತು. ಇನ್ನೊಂದು ಫೈಲು ಹಾಕಿದ. ಈ ಸಲ ಇಡ್ಲಿ ತಲೆಕೆಳಗಾಗಿ ಕಾಣಿಸಿತು.

ಸುಧಾ: ಏನೂ ತೊಂದ್ರೆ ಇಲ್ಲ, ಇಡ್ಲಿಗೆ ತಲೆಯಿಲ್ಲ. ಒತ್ತಿ!

ಅವನು ಒತ್ತಿದ. ಫೋಟೋ ಬಂತು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು.

ಭಾನುಪ್ರಕಾಶ್: ಚೇ, ಎಲ್ಲಾ ಕಾಳು ಕಾಳಾಗಿದೆ. ನಾಯ್ಸ್ ಜಾಸ್ತಿ ಇದೆ.

ಚಿಕ್ಕಮಾರಯ್ಯ: ನಾನ್ ಚಪ್ಪರಿಸಿದ್ದು ಅದ್ರಲ್ಲೂ ಬಂತಾ ಸ್ವಾಮಿ? ಇನ್ಮ್ಯಾಕೆ ಮೆತ್ತಗೆ ತಿಂತೀನಿ ಬುಡಿ.

ಸುಧಾ: ಯಜಮಾನ್ರೇ! ಈ ಇಡ್ಲೀನೂ ಕಚ್ಚಿದೀರಾ? ನೋಡಿಲ್ಲಿ, ಬಲಗಡೆ ಅಂಚೇ ಇಲ್ಲ!

ಚಿಕ್ಕಮಾರಯ್ಯ: ದೇವ್ರಾಣೆ ನಾನ್ ಮುಟ್ಟಿಲ್ಲ ಕಣವ್ವ!

ಭಾನುಪ್ರಕಾಶ್: ಅವ್ರಲ್ಲ ಸುಧಾ, ಪೋರ್ಟ್ರೇಟ್ ಮೋಡು. ಮುಂದಿರೋದು ಯಾವ್ದು, ಹಿಂದಿರೋದು ಯಾವ್ದು ಅಂತ ಅದಕ್ಕೆ ಗೊತ್ತಾಗ್ದೆ ಅಂಚನ್ನ ಮಸುಕು ಮಾಡಿದೆ. ಚಟ್ನೀನೂ ನುಂಗಿದೆ.

ಸುಧಾ: ಚಟ್ನಿ ಜೊತೆಗೇ ತಿಂತಾ? ಅಷ್ಟಾದ್ರೂ ಬುದ್ಧಿ ಇದೆ ಬಿಡಿ ಅದಕ್ಕೆ.

ಹೇಳುತ್ತಲೇ ಸುಧಾ ಗೋಡೆಯ ಕಡೆ ತಿರುಗಿದಳು. ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಸುಧಾ: ಆರ್ ವರ್ಷದಲ್ಲಿ ಒಂದಿನಾನೂ ಈ ಇಡ್ಲಿ ಹೆಂಗಿದೆ ಅಂತ ನಾನ್ ಯಾರಿಗೂ ಹೇಳ್ಬೇಕಾಗಿ ಬಂದಿರ್ಲಿಲ್ಲ ಕಣ್ರೀ. ತಿಂದೋರು ಮನೇಗ್ ಹೋಗಿ ಹೇಳೋರು. ಈಗ ನೋಡಿದ್ರೆ, ಇದು ಇಡ್ಲಿ ಅಂತ ನಂಬ್ಸೋಕೇ ಆಗ್ತಿಲ್ಲ.

ಭಾನುಪ್ರಕಾಶನ ಮುಖ ಸಣ್ಣದಾಯಿತು. ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿ ಬೈದರೆ ತಡೆದುಕೊಳ್ಳುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಬೈಯದಿದ್ದರೆ ಏನು ಮಾಡಬೇಕೆಂದು ತಿಳಿಯದು.

ಭಾನುಪ್ರಕಾಶ್: ಇನ್ ಒಬ್ರೇ ಗತಿ. ಸಿಎಂ ಸಾಹೇಬ್ರನ್ನೇ ಕೇಳ್ಬಿಡ್ತೀನಿ.

ಸುಧಾ: ಇಡ್ಲಿ ಫೋಟೋಗೆ ಮುಖ್ಯಮಂತ್ರಿನಾ?

ಭಾನುಪ್ರಕಾಶ್: ಆ ಸಿಎಂ ಅಲ್ಲ. ನಮ್ ‘ಕಲ್ಪತರು ಕ್ಯಾಮೆರಾ ಬಳಗ’ ಗ್ರೂಪಿನ ಅಡ್ಮಿನ್ನು, ಸಿ.ಎಂ. ರಾಯ. ಯಾವ್ ಫೋನ್ ಹೆಸ್ರು ಹೇಳು, ಅದಕ್ಕೆ ಹೊಂದೋ ಕಾನ್ಫಿಗ್ ತಯಾರ್ ಮಾಡಿ ಕೊಡ್ತಾರೆ. ಮುಖ ಯಾರೂ ನೋಡಿಲ್ಲ. ದೊಡ್ಡ ಇಂಜಿನಿಯರ್ರು ಅಂತ ಕಾಣತ್ತೆ.

ಅವನು ಫೋನನ್ನು ಬಾಯಿ ಹತ್ತಿರ ಹಿಡಿದು, ನೆಟ್ಟಗೆ ನಿಂತು, ವಾಯ್ಸ್ ಮೆಸೇಜು ಕಳಿಸಿದ.

ಭಾನುಪ್ರಕಾಶ್: ಸಿಎಂ ಸರ್, ನಮಸ್ಕಾರ. ನಾನು ತುಮಕೂರಿಂದ ಭಾನು. ಅರ್ಜೆಂಟ್ ಸರ್. ನಮ್ ಮನೆಯವ್ರ ಫೋನಲ್ಲಿ ಇಡ್ಲಿ ನೇರಳೆ ಬರ್ತಿದೆ.

ಮೂಲೆಯ ಟೇಬಲ್ಲಿನಲ್ಲಿ ‘ಟುಣ್’ ಎಂದು ಸದ್ದಾಯಿತು. ಚಿಕ್ಕಮಾರಯ್ಯ ಚಟ್ನಿ ನೆಕ್ಕುವುದನ್ನು ಮುಂದುವರಿಸಿದರು.

ಭಾನುಪ್ರಕಾಶ್: ಸರ್, ಪ್ಲೀಸ್ ಸರ್. ಬೇಗ ನೋಡಿ.

‘ಟುಣ್.’

ಸುಧಾ ಸ್ಟೂಲಿನಿಂದ ಮೆಲ್ಲಗೆ ಎದ್ದಳು.

ಸುಧಾ: ರೀ, ಇನ್ನೊಂದ್ ಸಲ ಕಳ್ಸಿ.

ಭಾನುಪ್ರಕಾಶ್: ಸರ್?

‘ಟುಣ್.’

ಸುಧಾ: ಯಜಮಾನ್ರೇ, ನಿಮ್ ಜೇಬಲ್ಲಿ ಏನದು ಕೂಗ್ತಿರೋದು?

ಚಿಕ್ಕಮಾರಯ್ಯ: ಅದಾ... ಮಗಳು ಇರ್ಬೇಕು. ಓಟ್ಸ್ ಆರೋಯ್ತು ಅಂತ.

ಸುಧಾ: ತೆಗೀರಿ ನೋಡೋಣ.

ಮುದುಕರು ಕೈ ತೊಳೆದು, ಪಂಚೆಗೆ ಒರೆಸಿ, ಜೇಬಿನಿಂದ ಫೋನು ತೆಗೆದರು. ಗಾಜಿನ ಮೇಲೆ ‘ತುಮಕೂರು ಭಾನು: ಮೂರು ಹೊಸ ಮೆಸೇಜು’ ಎಂದಿತ್ತು. ಭಾನುಪ್ರಕಾಶ್ ಪಕ್ಕದ ಕುರ್ಚಿ ಹಿಡಿದುಕೊಂಡ.

ಭಾನುಪ್ರಕಾಶ್: ಸಿ.ಎಂ. ರಾಯ... ಚಿಕ್ಕಮಾರಯ್ಯ... ಗುರುಗಳೇ!

ಚಿಕ್ಕಮಾರಯ್ಯ: ಕಾಲ್ಗೆ ಬೀಳ್ಬ್ಯಾಡಿ ಸ್ವಾಮಿ, ನೆಲದಲ್ಲಿ ಚಟ್ನಿ ಅದೆ. ಎರಡ್ ವರ್ಷದ್ ಕೆಳಗೆ ನನ್ ತೆಂಗಿನ ಗರಿಗೆ ಹುಳ ಬಿತ್ತು. ಫೋಟೋ ಕಳ್ಸಿ, ಔಷಧಿ ಹೇಳ್ತೀವಿ ಅಂದ್ರು ತೋಟಗಾರಿಕೆ ಆಫೀಸ್ನೋರು. ನನ್ ಫೋನಲ್ಲಿ ಹುಳ ಯಾವ್ದು, ಗರಿ ಯಾವ್ದು ಗೊತ್ತಾಗ್ತಿರ್ಲಿಲ್ಲ. ಹುಡುಕ್ತಾ ಹುಡುಕ್ತಾ ಈ ಪೋರ್ಟ್ ಸಿಕ್ತು. ಮೊದ್ಲು ನನ್ ಫೋನ್ಗೆ ಹಾಕ್ದೆ, ಆಮೇಲೆ ಊರೋರ್ ಫೋನೆಲ್ಲ ಇಸ್ಕೊಂಡು ಹಾಕ್ದೆ. ಹುಳ ಸತ್ತೋಯ್ತು, ಚಟ ಹಂಗೇ ಉಳ್ಕೊಂತು.

ಸುಧಾ: ಹತ್ತೂವರೆಯಿಂದ ನಾವಿಬ್ರು ಇಲ್ಲಿ ಬಡ್ಕೋತಿದೀವಿ. ಎಲ್ಲಾ ಗೊತ್ತಿದ್ದೂ ಯಾಕ್ ಬಾಯ್ ಬಿಡ್ಲಿಲ್ಲ?

ಚಿಕ್ಕಮಾರಯ್ಯ: ಬಾಯ್ ಖಾಲಿ ಎಲ್ಲಿತ್ತವ್ವ? ಫೋಟೋ ಕೆಟ್ಟಾಗೆಲ್ಲ ಇಡ್ಲಿ ಇತ್ಲಾಗ್ ಬರ್ತಿತ್ತು. ಫೋಟೋ ಚೆಂದಾಗ್ ಬಂದಿದ್ರೆ ನಾನ್ ಹೋಗಿ ಓಟ್ಸ್ ತಿನ್ಬೇಕಾಗಿತ್ತು.

ಸುಧಾ ಸೌಟು ಕೈಗೆತ್ತಿಕೊಂಡಳು. ಆಮೇಲೆ ಗಡಿಯಾರ ನೋಡಿ ಕೆಳಗಿಟ್ಟಳು.

ಸುಧಾ: ಇದನ್ನ ಸರಿ ಮಾಡ್ಕೊಡಿ. ಇನ್ನೆರಡು ಇಡ್ಲಿ, ಬೆಣ್ಣೆ ಜಾಸ್ತಿ ಹಾಕಿ ಕೊಡ್ತೀನಿ.

ಚಿಕ್ಕಮಾರಯ್ಯ: ತತ್ತ ಇಲ್ಲಿ ಫೋನ್ನ. ಏನ್ ಸ್ವಾಮಿ, ಇದು ಬೇರೆ ಸೆನ್ಸಾರಿನ ಫೈಲು. ಬ್ಲ್ಯಾಕ್ ಲೆವೆಲ್ಲು ಹೊಂದ್ತಾ ಇಲ್ಲ, ಅದ್ಕೇ ನೇರಳೆ. ಯಾವ್ ಫೋನ್ಗೆ ಯಾವ್ದು ಅಂತ ಗ್ರೂಪಲ್ಲಿ ಫೈಲಿನ ಕೆಳಗಡೆ ಬರ್ದಿದ್ನಲ್ಲ, ಓದ್ಲಿಲ್ವಾ?

ಭಾನುಪ್ರಕಾಶ್: ಅದು ಇಂಗ್ಲಿಷಲ್ಲಿತ್ತು ಅಂತ...

ಚಿಕ್ಕಮಾರಯ್ಯ: ಕನ್ನಡದಲ್ಲೇ ಬರ್ದಿದ್ದೆ.

ಆ ದಪ್ಪ ಬೆರಳುಗಳು ಫೋನಿನ ಮೇಲೆ ಅಲ್ಲಲ್ಲಿ ಒತ್ತಿ, ಎಳೆದು, ತಟ್ಟಿದವು. ಎರಡೇ ನಿಮಿಷ. ಬಿಸಿ ಇಡ್ಲಿಯೊಂದನ್ನು ಬಾಳೆಲೆಯ ಮೇಲೆ ಹಾಕಿಸಿ, ಬಾಗಿಲ ಬೆಳಕಿಗೆ ತಂದು, ಸ್ವಲ್ಪ ಓರೆಯಾಗಿಟ್ಟು, ಉಸಿರು ಹಿಡಿದು ಒತ್ತಿದರು. ಸುಧಾ ನೋಡಿ ಬೆರಗಾದಳು. ಬಾಳೆಲೆಯ ಹಸಿರು, ಮಲ್ಲಿಗೆಯಂಥ ಇಡ್ಲಿ, ಅದರ ಮೇಲೆ ಜಾರುವುದೋ ಬೇಡವೋ ಎಂದು ನಿಂತ ಬೆಣ್ಣೆ, ಎಳೆಎಳೆಯಾಗಿ ಏಳುತ್ತಿರುವ ಹಬೆ. ತಾನು ಮಾಡಿದ್ದು ಇಷ್ಟು ಚೆಂದವೇ ಎಂದು ಅವಳಿಗೇ ಕಣ್ಣು ತುಂಬಿ ಬಂತು. ಫೋಟೋ ಕಳಿಸಿದರು. ಹನ್ನೊಂದೂಮುಕ್ಕಾಲಿಗೆ ಫೋನು ಬಂತು.

ಸುಶ್ಮಿತಾ: ಮೇಡಂ, ಇದು ರಿಜೆಕ್ಟ್ ಆಗಿದೆ.

ಸುಧಾ: ಯಾಕೆ?

ಸುಶ್ಮಿತಾ: ನೆಟ್ಟಿಂದ ಕದ್ದಿರೋ ಫೋಟೋ ಹಾಕೋ ಹಂಗಿಲ್ಲ ಮೇಡಂ.

ಭಾನುಪ್ರಕಾಶ್: ಕದ್ದಿದ್ದಾ? ಇದು ಪೋರ್ಟ್ ಕ್ಯಾಮೆರಾದಲ್ಲಿ ತೆಗ್ದಿರೋದು! ಬ್ಲ್ಯಾಕ್ ಲೆವೆಲ್ಲು...

ಸುಶ್ಮಿತಾ: ಮೊದ್ಲು ಚಂದ್ರ ಕಳ್ಸಿದ್ರಿ. ಈಗ ಫೈವ್ ಸ್ಟಾರ್ ಹೋಟ್ಲಿಂದು ಕಳ್ಸಿದೀರಿ. ಒಂದೇ ಗಂಟೇಲಿ ಹೆಂಗ್ ಸರ್ ಅದು?

ಗಂಡಸರಿಬ್ಬರೂ ಒಟ್ಟಿಗೆ ವಿವರಿಸಲು ಶುರುಮಾಡಿದರು. ಸುಧಾ ಮಧ್ಯೆ ಕೈ ಹಾಕಿ ಫೋನು ಕಿತ್ತುಕೊಂಡಳು.

ಸುಧಾ: ಮೇಡಂ, ಒಂದ್ ನಿಮಿಷ ಲೈನಲ್ಲೇ ಇರಿ. ವಿಡಿಯೋ ಕಾಲ್ ಆನ್ ಮಾಡ್ತೀನಿ. ನೀವೇ ನೋಡಿ, ಇದು ನನ್ ಹೋಟ್ಲು, ಇದು ಪಾತ್ರೆ, ಇದು ಇಡ್ಲಿ. ಕದಿಯೋದಿದ್ರೆ ಬೆಳಗ್ಗೆ ನಾಲ್ಕಕ್ಕೆ ಯಾಕೆ ಏಳ್ತಿದ್ದೆ?

ಅವಳು ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಭುಸ್ಸೆಂದಿತು. ಒಂದು ಇಡ್ಲಿ ತೆಗೆದು ಬೆಣ್ಣೆ ಹಾಕಿ, ಮಾತಿಗೆ ಮುಂಚೆ ತಾವೇ ಕೈ ಚಾಚಿದ್ದ ಚಿಕ್ಕಮಾರಯ್ಯನವರ ಮುಂದಿಟ್ಟಳು. ಅವರು ದೊಡ್ಡದೊಂದು ತುಂಡು ಮುರಿದು, ಚಟ್ನಿಯಲ್ಲಿ ಅದ್ದಿ, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡರು.

ಸುಶ್ಮಿತಾ: ಮೇಡಂ... ನಾನ್ ಇನ್ನೂ ತಿಂಡಿ ತಿಂದಿಲ್ಲ. ಫೋನ್ ಹಂಗೇ ಹಿಡ್ಕೊಳ್ಳಿ, ಸ್ಕ್ರೀನ್‌ಶಾಟ್ ತಗೋತೀನಿ. ಇದೇ ಸಾಕು. ಪಾಸ್.

ಭಾನುಪ್ರಕಾಶ್: ಸ್ಕ್ರೀನ್‌ಶಾಟಾ? ಅದ್ರಲ್ಲಿ ಕ್ವಾಲಿಟಿ ಏನಿರತ್ತೆ ಮೇಡಂ!

ಸುಶ್ಮಿತಾ ಆಗಲೇ ಫೋನು ಇಟ್ಟಿದ್ದಳು.

ಹನ್ನೆರಡಕ್ಕೆ ಇನ್ನೂ ಮೂರು ನಿಮಿಷ ಇರುವಾಗ ‘ಸುಧಾ ತಟ್ಟೆ ಇಡ್ಲಿ’ ಆಪ್‌ನಲ್ಲಿ ಬಂತು. ಚಿತ್ರ ಮಸುಕು ಮಸುಕು. ಇಡ್ಲಿ ಅರ್ಧ ಕಾಣುತ್ತಿತ್ತು, ಸುಧಾಳ ಹೆಬ್ಬೆರಳು ಮುಕ್ಕಾಲು ಕಾಣುತ್ತಿತ್ತು, ಉಳಿದ ಜಾಗದ ತುಂಬ ಕಣ್ಣು ಮುಚ್ಚಿ ಅಗಿಯುತ್ತಿರುವ ಚಿಕ್ಕಮಾರಯ್ಯ. ಗಂಡಸರಿಬ್ಬರೂ ಅದನ್ನು ನೋಡಿ ಮನೆಯಲ್ಲಿ ಸಾವಾದಂತೆ ಕೂತರು. ಹನ್ನೆರಡೂ ಹತ್ತಕ್ಕೆ ಮೊದಲ ಆರ್ಡರು ಬಂತು. ಸುಧಾ ಗಟ್ಟಿಯಾಗಿ ಓದಿದಳು.

ಸುಧಾ: ‘ನಾಲ್ಕು ಪ್ಲೇಟು. ಫೋಟೋದಲ್ಲಿರೋ ತಾತ ತಿಂತಿರೋ ಇಡ್ಲೀನೇ ಕೊಡಿ.’

ಚಿಕ್ಕಮಾರಯ್ಯ: ಹಂಗಾದ್ರೆ ನಾಳೀಕೂ ನಾನ್ ಬರ್ಲೇಬೇಕಾಯ್ತದೆ. ಗಿರಾಕಿಗೆ ಮೋಸ ಮಾಡ್ಬಾರ್ದಲ್ವಾ?

ಸುಧಾ: ದಿನಾ ಬನ್ನಿ ಯಜಮಾನ್ರೇ, ಎಷ್ಟ್ ಬೇಕೋ ಅಷ್ಟ್ ತಿನ್ನಿ. ಆ ಫೋನೊಂದು ಚೇಳೂರಲ್ಲೇ ಬಿಟ್ಟು ಬನ್ನಿ.